ದುಬಾರಿ ಸಂಬಳದ ಮೂರನೇ ಜೋಡಿ ಡಿಫೆನ್ಸ್‌ಮನ್‌ನನ್ನು ಸಾಗಹಾಕುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಚಳಿಯಲ್ಲಿ ಬೆಳಗಿನ ಐದೂವರೆಗೆ ಎದ್ದು ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಐಸ್ ಹಾಕಿ ನೋಡುವವರು, ಗೆಳೆಯರೊಂದಿಗೆ ಸಂಬಳ ಮಿತಿಯ ಮ್ಯಾನೇಜರ್ ಲೀಗ್ ಆಡುವವರು ಪ್ರತಿ ವರ್ಷ ಸಿಕ್ಕಿಬೀಳುವ ಜಾಗ ಒಂದಿದೆ. ತಂಡದ ಐದನೆಯದೋ ಆರನೆಯದೋ ಡಿಫೆನ್ಸ್‌ಮನ್, ಪಂದ್ಯಕ್ಕೆ ಹದಿನೈದು ನಿಮಿಷ ಆಡುವವನು, ಎರಡನೇ ಜೋಡಿಯವನ ಸಂಬಳ ತಿನ್ನುತ್ತಿರುತ್ತಾನೆ. ಆಟ ಕೆಟ್ಟದ್ದೇನಲ್ಲ, ಒಪ್ಪಂದ ಭಾರ. ಅವನನ್ನು ಕಳಿಸುವ ಕ್ರಮವನ್ನು ಎನ್‌ಎಚ್‌ಎಲ್‌ನ ಅಸಲಿ ನಿಯಮಗಳ ಪ್ರಕಾರ ಇಲ್ಲಿ ವಿವರಿಸಿದ್ದೇವೆ. ನಿಮ್ಮ ಲೀಗ್ ಅದೇ ನಿಯಮ ಪಾಲಿಸುತ್ತಿದ್ದರೆ ಇದನ್ನೇ ಬಳಸಿಕೊಳ್ಳಬಹುದು.

ಬೆಟಗೇರಿಯಲ್ಲೋ ಹುಬ್ಬಳ್ಳಿಯಲ್ಲೋ ಮೈದಾನದ ಹಾಕಿ ನೋಡಿ ಬೆಳೆದವರಿಗೆ ಒಂದು ಮಾತು: ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್‌ಗಳು ಸಾಮಾನ್ಯವಾಗಿ ಆರು ಮಂದಿ, ಎಡ-ಬಲವಾಗಿ ಮೂರು ಜೋಡಿ. ಒಂದು ಸರದಿ ಮುಕ್ಕಾಲು ನಿಮಿಷದ ಆಸುಪಾಸು. ಮೂರನೇ ಜೋಡಿ ಆಡುವುದು ಹೆಚ್ಚಾಗಿ ಎದುರಾಳಿಯ ಕೊನೆಯ ಲೈನ್‌ಗಳ (ಒಟ್ಟಿಗೆ ಇಳಿಯುವ ಮುಂಚೂಣಿ ಆಟಗಾರರ ಗುಂಪು) ಮೇಲೆ.

ಫೋನ್ ಎತ್ತುವ ಮೊದಲು ಒಪ್ಪಂದವನ್ನು ಸಾಲು ಸಾಲಾಗಿ ಓದಿ. ಎಷ್ಟು ಸೀಸನ್ ಬಾಕಿ ಇದೆ, ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಲೆಕ್ಕದ ಮೊತ್ತ ಎಷ್ಟು, ಕೈಗೆ ಕೊಡಬೇಕಾದ ನಗದು ಎಷ್ಟು, ಅದರಲ್ಲಿ ಸೈನಿಂಗ್ ಬೋನಸ್ ಪಾಲು ಎಷ್ಟು, ಟ್ರೇಡ್ ತಡೆಯುವ ಷರತ್ತು ಇದೆಯೇ. ಕ್ಯಾಪ್ ಮೊತ್ತ ಎಂದರೆ ಇಡೀ ಒಪ್ಪಂದದ ವಾರ್ಷಿಕ ಸರಾಸರಿ, ಎಲ್ಲ ವರ್ಷವೂ ಅದೇ ಇರುತ್ತದೆ. ನಗದು ಮಾತ್ರ ವರ್ಷದಿಂದ ವರ್ಷಕ್ಕೆ ಏರಿಳಿಯಬಹುದು. ಈ ವ್ಯತ್ಯಾಸದಲ್ಲೇ ನಿಮ್ಮ ವ್ಯಾಪಾರ ಅಡಗಿದೆ. ಕ್ಯಾಪ್‌ನಲ್ಲಿ 40 ಲಕ್ಷ ಡಾಲರ್ ತೋರಿಸಿ, ಜುಲೈ 1ರ ಬೋನಸ್ ಕೊಟ್ಟ ಮೇಲೆ 15 ಲಕ್ಷ ಮಾತ್ರ ಬಾಕಿ ಇರುವ ಆಟಗಾರ, ಕ್ಯಾಪ್‌ನಲ್ಲಿ ಜಾಗವಿದ್ದು ಗಲ್ಲೆಯಲ್ಲಿ ಹಣ ಕಡಿಮೆ ಇರುವ ಮಾಲೀಕನಿಗೆ ಅಗ್ಗವಾಗಿ ಕಾಣುತ್ತಾನೆ. ಹಾಗಾಗಿ ಬೋನಸ್ ನೀವು ಕೊಟ್ಟು, ನಂತರ ಮಾತಿಗೆ ಕೂರಿ.

ಷರತ್ತುಗಳಲ್ಲಿ ಎರಡು ಬಗೆ. ನೋ-ಟ್ರೇಡ್ ಇದ್ದರೆ ಒಪ್ಪಿಗೆಯಿಲ್ಲದೆ ಟ್ರೇಡ್ ಆಗದು, ಆದರೆ ವೇವರ್‌ಗೆ ಹಾಕಬಹುದು, ಅಂದರೆ ಬೇಕಾದ ತಂಡ ಪುಕ್ಕಟೆ ಎತ್ತಿಕೊಳ್ಳಲಿ ಎಂದು ಮುಂದಿಡಬಹುದು. ನೋ-ಮೂವ್ ಇದ್ದರೆ ಅದೂ ಆಗದು. ಮೂರನೇ ಜೋಡಿಯವರಿಗೆ ಷರತ್ತು ಇದ್ದರೆ ಹೆಚ್ಚಾಗಿ ಪಟ್ಟಿಯ ರೂಪದಲ್ಲಿರುತ್ತದೆ: ಇಂತಿಷ್ಟು ತಂಡಗಳಿಗೆ ಹೋಗುವುದಿಲ್ಲ ಎಂದು ಆಟಗಾರ ಬರೆದುಕೊಟ್ಟಿರುತ್ತಾನೆ. ಆ ಪಟ್ಟಿ ಕೈಯಲ್ಲಿಲ್ಲದೆ ತಂಡಗಳಿಗೆ ಫೋನ್ ಮಾಡಿದರೆ ಸುದ್ದಿ ಹೊರಗೆ ಹೋಗುತ್ತದೆ, ಆಟಗಾರ ಮುನಿಸಿಕೊಳ್ಳುತ್ತಾನೆ, ಕೆಲಸವೂ ಆಗುವುದಿಲ್ಲ. ಮೊದಲು ಅವನ ಏಜೆಂಟ್ ಜೊತೆ ಮಾತಾಡಿ. ಕಡಿಮೆ ಆಡುತ್ತಿರುವ ಆಟಗಾರನಿಗೂ ಬೇರೆ ಊರು ಬೇಕಾಗಿರುತ್ತದೆ.

ಈಗ ಲೆಕ್ಕ. ವಯಸ್ಸು 30, ಎರಡು ಸೀಸನ್ ಬಾಕಿ, ವರ್ಷಕ್ಕೆ 40 ಲಕ್ಷ ಡಾಲರ್, ಬೋನಸ್ ಇಲ್ಲ ಎಂದಿಟ್ಟುಕೊಳ್ಳಿ. ವೇವರ್ ದಾಟಿಸಿ ಕೆಳ ಲೀಗ್‌ಗೆ ಕಳಿಸಿದರೆ 2025-26ರಲ್ಲಿ ಕ್ಯಾಪ್‌ನಿಂದ ಇಳಿಯುವುದು 11.5 ಲಕ್ಷ ಮಾತ್ರ. ಅದು ಲೀಗ್‌ನ ಕನಿಷ್ಠ ಸಂಬಳ 7.75 ಲಕ್ಷಕ್ಕೆ 3.75 ಲಕ್ಷ ಸೇರಿಸಿದ ಮೊತ್ತ. ಉಳಿದ 28.5 ಲಕ್ಷ ನಿಮ್ಮ ಲೆಕ್ಕದಲ್ಲೇ ಇರುತ್ತದೆ. ಬೈಔಟ್ ಮಾಡಿದರೆ, ಅಂದರೆ ಹಣ ಕೊಟ್ಟು ಒಪ್ಪಂದವನ್ನು ನಡುವೆಯೇ ಮುಗಿಸಿದರೆ, 26 ತುಂಬಿದವನಿಗೆ ಬಾಕಿ ಸಂಬಳದ ಮೂರನೇ ಎರಡು ಭಾಗವನ್ನು ದುಪ್ಪಟ್ಟು ವರ್ಷಗಳಿಗೆ ಹಂಚಬೇಕು: 80 ಲಕ್ಷದಲ್ಲಿ 53.3 ಲಕ್ಷ, ನಾಲ್ಕು ವರ್ಷ, ವರ್ಷಕ್ಕೆ ಸುಮಾರು 13.3 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ಅದೇ 40 ಲಕ್ಷದಲ್ಲಿ 30 ಲಕ್ಷ ಸೈನಿಂಗ್ ಬೋನಸ್ ಆಗಿದ್ದರೆ ಆಟವೇ ಬೇರೆ. ಬೋನಸ್ ಪೂರ್ತಿ ಕೊಡಲೇಬೇಕು, ರಿಯಾಯಿತಿ ಸಿಗುವುದು ಉಳಿದ 10 ಲಕ್ಷದ ಮೇಲೆ. ಮೊದಲ ಎರಡು ವರ್ಷ ಕ್ಯಾಪ್‌ನಲ್ಲಿ ಸುಮಾರು 33.3 ಲಕ್ಷ ಕೂತೇ ಇರುತ್ತದೆ, ಅದಾದ ಮೇಲೆ ಎರಡು ವರ್ಷ 3.3 ಲಕ್ಷ. ಆಟಗಾರನೂ ಹೋದ, ಜಾಗವೂ ಸಿಗಲಿಲ್ಲ. ಬೈಔಟ್ ಕಿಟಕಿ ತೆರೆಯುವುದು ಜೂನ್ 15ಕ್ಕೆ, ಅಥವಾ ಸ್ಟ್ಯಾನ್ಲಿ ಕಪ್ ಮುಗಿದು 48 ಗಂಟೆಗೆ, ಯಾವುದು ತಡವೋ ಅಂದು. ಮುಚ್ಚುವುದು ಜೂನ್ 30ಕ್ಕೆ.

ಸಂಬಳದ ಒಂದು ಪಾಲು ನಿಮ್ಮಲ್ಲೇ ಉಳಿಸಿಕೊಂಡು ಟ್ರೇಡ್ ಮಾಡುವುದು ಮೂರನೇ ದಾರಿ. ಹೆಚ್ಚಿನ ಸಲ ಇದೇ ಸರಿ. ಗರಿಷ್ಠ ಶೇ. 50. ಆಯ್ದ ಶೇಕಡಾವಾರು ಬಾಕಿ ಎಲ್ಲ ವರ್ಷಕ್ಕೂ, ಕ್ಯಾಪ್‌ಗೂ ನಗದಿಗೂ ಒಂದೇ. "ಈ ವರ್ಷ ಅರ್ಧ ನಾವು, ಮುಂದಿನ ವರ್ಷ ಪೂರ್ತಿ ನೀವು" ಎಂಬ ಮಾತು ನಡೆಯದು. ನಮ್ಮ ಉದಾಹರಣೆಯಲ್ಲಿ ಶೇ. 25 ಹಿಡಿದರೆ ನಿಮಗೆ 10 ಲಕ್ಷ, ಕೊಳ್ಳುವವರಿಗೆ 30 ಲಕ್ಷ. ಒಂದು ತಂಡ ಏಕಕಾಲಕ್ಕೆ ಇಂಥ ಮೂರು ಒಪ್ಪಂದ ಮಾತ್ರ ಹೊರಬಹುದು, ಒಟ್ಟು ಮೊತ್ತ ಕ್ಯಾಪ್‌ನ ಶೇ. 15 ದಾಟಬಾರದು. ಒಪ್ಪಂದ ಮುಗಿಯುವವರೆಗೆ ಆ ಜಾಗ ಖಾಲಿಯಾಗುವುದಿಲ್ಲ. ಆರನೇ ಡಿಫೆನ್ಸ್‌ಮನ್‌ಗಾಗಿ ಎರಡು ವರ್ಷ ಒಂದು ಜಾಗ ಕಟ್ಟಿಹಾಕುವ ಮುನ್ನ, ಮಾರ್ಚ್‌ನಲ್ಲಿ ದೊಡ್ಡ ಆಟಗಾರನನ್ನು ಮಾರುವಾಗ ಅದು ಬೇಕಾದೀತೇ ಎಂದು ಯೋಚಿಸಿ. ನಡುವೆ ಮೂರನೇ ತಂಡ ಸೇರಿಸಿ ಮತ್ತೊಮ್ಮೆ ಸಂಬಳ ಅರ್ಧ ಮಾಡಿಸುವ ಹಳೆಯ ಉಪಾಯ ಈಗ ಅಷ್ಟು ಸಲೀಸಲ್ಲ: 2025-26ರಿಂದ ಎರಡು ಉಳಿಕೆಗಳ ನಡುವೆ ರೆಗ್ಯುಲರ್ ಸೀಸನ್‌ನ 75 ದಿನ ಕಳೆಯಬೇಕು.

ಇನ್ನು ಸರಕು ತೋರಿಸುವ ಮಾತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ರಾಶಿಯೊಳಗೆ ಕೈ ಹಾಕಿ, ಒಂದು ಹಿಡಿ ಮೆಣಸಿನಕಾಯಿ ಮೇಲೆತ್ತಿ, ಮುರಿದು, ತೇವ ಉಂಟೇ ಎಂದು ನೋಡದೆ ದರ ಬರೆಯುವುದಿಲ್ಲ. ಹಾಕಿ ಸ್ಕೌಟ್‌ಗಳೂ ಹಾಗೆಯೇ, ಮೇಲಿನ ಬಣ್ಣ ನೋಡಿ ಹೋಗುವವರಲ್ಲ. ಆದ್ದರಿಂದ ಮಾತುಕತೆಗೆ ಮೂರು ವಾರ ಮೊದಲೇ ಅವನನ್ನು ಪ್ರತಿ ಪಂದ್ಯ ಆಡಿಸಿ. ಸೂಟು ತೊಡಿಸಿ ಗ್ಯಾಲರಿಯಲ್ಲಿ ಕೂರಿಸಿದ ಆಟಗಾರನಿಗೆ ದರ ಹುಟ್ಟುವುದಿಲ್ಲ. ಸ್ಕೇಟಿಂಗ್ ಚುರುಕಾಗಿರುವ, ಪಕ್ ಹೊರಗೆ ಒಯ್ಯಬಲ್ಲ ಜೊತೆಗಾರನನ್ನು ಕೊಡಿ. ಪೆನಾಲ್ಟಿ ಕಿಲ್‌ನಲ್ಲಿ (ಶಿಕ್ಷೆಯಿಂದ ಒಬ್ಬ ಕಡಿಮೆಯಾಗಿ ಆಡುವ ಹೊತ್ತು) ಒಂದೆರಡು ನಿಮಿಷ ಕೊಡಿ. ಕೊಳ್ಳುವ ತಂಡ ಆರನೆಯವನಿಂದ ಕೇಳುವುದೇ ಅದು. ತವರಿನಲ್ಲಿ ಎದುರಾಳಿ ಯಾರನ್ನು ಇಳಿಸಿದರೆಂದು ನೋಡಿ ಕೊನೆಯ ಬದಲಾವಣೆ ಮಾಡುವ ಹಕ್ಕು ನಿಮ್ಮ ಕೋಚ್‌ದು, ಹಾಗಾಗಿ ದುರ್ಬಲ ಲೈನ್‌ಗಳ ಎದುರು ಇಳಿಸುವುದು ಅಲ್ಲಿ ಸುಲಭ. ಬೆಲೆ ಏರಲಿ ಎಂದು ಎರಡನೇ ಜೋಡಿಗೆ ಮಾತ್ರ ಏರಿಸಬೇಡಿ. ಒಂದೇ ವಾರದಲ್ಲಿ ನಾಲ್ಕು ಗೋಲಿಗೆ ಅವನ ಬೆನ್ನು ಕಾಣುತ್ತದೆ, ಆ ವಿಡಿಯೊ ಎಲ್ಲರೂ ನೋಡುತ್ತಾರೆ.

ಯಾರಿಗೆ ಫೋನ್ ಮಾಡಬೇಕು? ಬಲಗೈ ಆಟಗಾರನಾದರೆ ಅರ್ಧ ಕೆಲಸ ಮುಗಿದಂತೆ, ಆ ಕಡೆ ಎಲ್ಲರಿಗೂ ಕೊರತೆ. ಎಡಗೈಯವನನ್ನು ಬಲಕ್ಕೆ ಒತ್ತಾಯದಿಂದ ಆಡಿಸುತ್ತಿರುವ ತಂಡಗಳನ್ನು, ಗಾಯದಿಂದ ಇಬ್ಬರನ್ನು ಕಳೆದುಕೊಂಡವರನ್ನು, ತಂಡದ ಒಟ್ಟು ಸಂಬಳ ಇಳಿಯಬಾರದ ಕನಿಷ್ಠ ಮಿತಿಯ ಹತ್ತಿರ ಇರುವವರನ್ನು ಗುರುತು ಮಾಡಿ. ಆ ಕನಿಷ್ಠ ಮಿತಿ 2025-26ರಲ್ಲಿ 7.06 ಕೋಟಿ ಡಾಲರ್.

ಜೊತೆಗೆ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಕೊಟ್ಟು ಕಳಿಸುವುದು ಕೊನೆಯ ದಾರಿ, ಎಲ್ಲರೂ ಅವಸರಪಟ್ಟು ಕೈಸುಡಿಸಿಕೊಳ್ಳುವುದೂ ಇಲ್ಲೇ. ಒಟ್ಟಾವಾ ತಂಡ ವರ್ಷಕ್ಕೆ 45 ಲಕ್ಷದ ನಿಕಿತಾ ಜೈತ್ಸೆವ್‌ನನ್ನು 2022ರ ನವೆಂಬರ್‌ನಲ್ಲಿ ವೇವರ್‌ಗೆ ಹಾಕಿತು. ಯಾರೂ ಎತ್ತಿಕೊಳ್ಳಲಿಲ್ಲ. ಪುಕ್ಕಟೆ ಕೊಟ್ಟರೂ ಬೇಡವೆಂದು ಉಳಿದ ಎಲ್ಲ ತಂಡ ಹೇಳಿದ ಮೇಲೆ ಚೌಕಾಸಿಗೆ ಏನು ಉಳಿಯಿತು? 2023ರ ಫೆಬ್ರವರಿಯಲ್ಲಿ ಷಿಕಾಗೋಗೆ ದಾಟಿಸಲು ಒಂದು ಎರಡನೇ ಸುತ್ತಿನ ಪಿಕ್, ಒಂದು ನಾಲ್ಕನೇ ಸುತ್ತಿನ ಪಿಕ್ ಸೇರಿಸಬೇಕಾಯಿತು. ಟ್ರೇಡ್ ಆಸೆ ಇರುವಷ್ಟು ದಿನ ವೇವರ್ ಮುಟ್ಟಬೇಡಿ.

ಇನ್ನೊಂದು ಬಗೆಯ ನಷ್ಟ ಫಿಲಡೆಲ್ಫಿಯಾದ್ದು. 2021ರ ಜುಲೈನಲ್ಲಿ ಶೇನ್ ಗೋಸ್ಟಿಸ್‌ಬೇರ್‌ನನ್ನು, ಅವನದೂ 45 ಲಕ್ಷವೇ, ಎರಡನೇ ಮತ್ತು ಏಳನೇ ಸುತ್ತಿನ ಪಿಕ್ ಜೊತೆಗೆ ಅರಿಜೋನಾಗೆ ಕೊಟ್ಟಿತು. ಮರುಸೀಸನ್ ಅವನು 51 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದ. 2023ರ ಮಾರ್ಚ್‌ನಲ್ಲಿ ಅರಿಜೋನಾ ಅವನನ್ನೇ ಕ್ಯಾರೊಲಿನಾಗೆ ಮಾರಿ ಮೂರನೇ ಸುತ್ತಿನ ಪಿಕ್ ಪಡೆಯಿತು. ಕೊಂಡಾಗಲೂ ಲಾಭ, ಮಾರಿದಾಗಲೂ ಲಾಭ. ಒಂದು ಕೆಟ್ಟ ಸೀಸನ್ ನೋಡಿ ಪಿಕ್ ತೆತ್ತರೆ ಹೀಗಾಗುತ್ತದೆ.

ಕ್ಯಾಪ್ ಏರುತ್ತಿರುವ ಈ ಕಾಲದಲ್ಲಂತೂ ಪಿಕ್ ಕೊಡಲು ಕಾರಣ ಇನ್ನೂ ಕಡಿಮೆ. ಗರಿಷ್ಠ ಮಿತಿ 2024-25ರಲ್ಲಿ 8.8 ಕೋಟಿ ಡಾಲರ್ ಇದ್ದದ್ದು 2025-26ರಲ್ಲಿ 9.55 ಕೋಟಿ ಆಯಿತು. 2026-27ಕ್ಕೆ ಲೀಗ್ ಮೊದಲೇ ಹೇಳಿದ್ದು 10.4 ಕೋಟಿ. ನಮ್ಮ 40 ಲಕ್ಷದವನು ಕ್ಯಾಪ್‌ನ ಶೇ. 4.5ರಿಂದ ಶೇ. 3.8ಕ್ಕೆ ತಾನಾಗಿಯೇ ಇಳಿಯುತ್ತಾನೆ. ಕೊಡಲೇಬೇಕಾದರೆ ನಾಲ್ಕನೇ ಸುತ್ತಿನಿಂದ ಶುರುಮಾಡಿ. ಮೂರನೆಯದಕ್ಕಿಂತ ಮೇಲೆ ಕೇಳಿದರೆ ಶೇ. 25 ಉಳಿಕೆ ಮುಂದಿಡಿ, ಎರಡನ್ನೂ ಒಟ್ಟಿಗೆ ಕೊಡಬೇಡಿ.

ಟ್ರೇಡ್ ಗಡುವಿನ ದಿನಕ್ಕೆ ಕಾಯುವವರು ಗಡಿಯಾರ ಸರಿಯಾಗಿ ನೋಡಿಕೊಳ್ಳಿ. 2026ರ ಗಡುವು ಮಾರ್ಚ್ 6ರ ಮಧ್ಯಾಹ್ನ 3 ಗಂಟೆ, ಅಮೆರಿಕದ ಪೂರ್ವ ವಲಯದ ಸಮಯ. ನಮ್ಮಲ್ಲಿ ಅದು ಮಾರ್ಚ್ 7ರ ನಸುಕಿನ 1.30. ಮಾರ್ಚ್‌ನಲ್ಲಿ ಸೀಸನ್‌ನ ಬಹುಪಾಲು ಸಂಬಳ ಕೊಟ್ಟಾಗಿರುತ್ತದೆ, ಕ್ಯಾಪ್ ಲೆಕ್ಕವೂ ದಿನದ ಲೆಕ್ಕವಾದ್ದರಿಂದ ಕೊಳ್ಳುವವರಿಗೆ ಭಾರ ಕಡಿಮೆ. ಆದರೆ ಮುಂದಿನ ಸೀಸನ್ ಬಾಕಿ ಇರುವವನನ್ನು ಆ ರಾತ್ರಿ ಯಾರೂ ಖುಷಿಯಿಂದ ಕೊಳ್ಳರು; ಅಂಥವನಿಗೆ ಜೂನ್ ಕೊನೆಯ ಡ್ರಾಫ್ಟ್‌ನಿಂದ ಜುಲೈ ಮೊದಲ ವಾರದವರೆಗಿನ ಸಮಯ ಒಳ್ಳೆಯದು. ಬಯಸಿದ ಫ್ರೀ ಏಜೆಂಟ್ (ಒಪ್ಪಂದ ಮುಗಿದ ಆಟಗಾರ) ಕೈತಪ್ಪಿದ ತಂಡ ಜುಲೈ 2ಕ್ಕೆ ಫೋನ್ ಎತ್ತುತ್ತದೆ.

ಒಪ್ಪಂದ ಕುದುರಿದ ಮೇಲೆ ಲೀಗ್‌ಗೆ ಹೇಳುವ ಮುನ್ನ ಮೂರು ಅಂಕಿ ತಾಳೆ ನೋಡಿ: ಎರಡೂ ಕಡೆ ಒಪ್ಪಂದಗಳು 50 ದಾಟಿಲ್ಲವೇ, ಆಟಗಾರರ ಪಟ್ಟಿ 23ರೊಳಗಿದೆಯೇ, ಉಳಿಕೆಯ ಶೇಕಡಾವಾರು ಇಬ್ಬರೂ ಒಂದೇ ಬರೆದಿದ್ದೀರೇ. ಜೊತೆಗೆ ನಿವ್ವಳ ಉಳಿತಾಯ. ಹೋದವನ ಜಾಗಕ್ಕೆ ಕೆಳ ಲೀಗ್‌ನಿಂದ ಬರುವ ಹುಡುಗನಿಗೂ 2025-26ರ ಲೆಕ್ಕದಲ್ಲಿ ಕನಿಷ್ಠ 7.75 ಲಕ್ಷ ಬೇಕು. ಶೇ. 25 ಉಳಿಸಿಕೊಂಡು 40 ಲಕ್ಷದವನನ್ನು ಕಳಿಸಿದಾಗ ನಿಜಕ್ಕೂ ಕೈಗೆ ಸಿಗುವುದು 30 ಲಕ್ಷವಲ್ಲ, 22.25 ಲಕ್ಷ. ಹೊಸ ಆಟಗಾರನಿಗೆ ಮಾತು ಕೊಡುವಾಗ ಈ ಅಂಕಿ ಹಿಡಿದೇ ಕೊಡಿ.