ನಿಂತಾಗ ಬರುವ ತಲೆಸುತ್ತನ್ನು ಮನೆಯಲ್ಲಿ ಅಳೆದು ದಾಖಲಿಸುವ ಕ್ರಮ

ಲೂಪಸ್, ಶೋಗ್ರೆನ್ ಮುಂತಾದ ಆಟೋಇಮ್ಯೂನ್ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ಕೆಲವೊಮ್ಮೆ ಸ್ವನಿಯಂತ್ರಿತ ನರಗಳ ಮೇಲೂ ತಿರುಗಿಬೀಳುತ್ತದೆ. ರಕ್ತದೊತ್ತಡ, ಹೃದಯಬಡಿತ, ಬೆವರು, ಜೀರ್ಣಕ್ರಿಯೆಗಳನ್ನು ನಮ್ಮ ಅರಿವಿಗೆ ಬಾರದಂತೆ ನಡೆಸುವ ನರಗಳಿವು. ಇವು ಕೆಟ್ಟರೆ ಎದ್ದು ನಿಂತೊಡನೆ ಕಣ್ಣು ಕತ್ತಲೆಗಟ್ಟಬಹುದು. ಆದರೆ ವೈದ್ಯರ ಮುಂದೆ ಕುಳಿತಾಗ ಅಳೆದ ರಕ್ತದೊತ್ತಡವು ಸರಿಯಾಗಿಯೇ ಕಾಣುವುದರಿಂದ ತಲೆಸುತ್ತಿನ ದೂರು ನಿಶ್ಶಕ್ತಿಯ ಲೆಕ್ಕಕ್ಕೆ ಸೇರಿಬಿಡುವುದುಂಟು. ಅದಕ್ಕಾಗಿ ಮಲಗಿದಾಗಿನ ಮತ್ತು ನಿಂತಾಗಿನ ಅಂಕಿಗಳೆರಡನ್ನೂ ಬರೆದುಕೊಂಡು ಹೋಗಬೇಕು.

ತೋಳಿಗೆ ಕಟ್ಟುವ, ನಾಡಿಬಡಿತವನ್ನೂ ತೋರಿಸುವ ಡಿಜಿಟಲ್ ಬಿಪಿ ಯಂತ್ರ ಸಾಕು. ಬೆಳಗಿನ ಹೊತ್ತು ಉತ್ತಮ, ಏಕೆಂದರೆ ಇಳಿತವು ಆಗ ಹೆಚ್ಚು ಸ್ಪಷ್ಟ. ಒಬ್ಬರು ಹತ್ತಿರವೇ ಇರಲಿ. 5 ನಿಮಿಷ ಅಂಗಾತ ಮಲಗಿ ಮೊದಲ ಅಳತೆ ತೆಗೆದುಕೊಳ್ಳಿ. ಬಳಿಕ ಎದ್ದು, ಗೋಡೆಗೆ ಒರಗದೆ ನಿಂತು, 1, 3, 5 ಮತ್ತು 10ನೇ ನಿಮಿಷಗಳಲ್ಲಿ ಅಳೆಯಿರಿ. ಕಾಲು ಆಡಿಸಿದರೆ ಸ್ನಾಯುಗಳು ರಕ್ತವನ್ನು ಮೇಲಕ್ಕೊತ್ತಿ ಇಳಿತವನ್ನು ಮರೆಮಾಡುತ್ತವೆ. ತೋಳು ಕೆಳಗೆ ಜೋತುಬಿದ್ದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಆದ್ದರಿಂದ ಅದನ್ನು ಎದೆಯ ಮಟ್ಟದಲ್ಲಿ ಆಧಾರ ಕೊಟ್ಟು ಇಡಬೇಕು. ಬವಳಿ ಬರುವಂತಾದರೆ ಕುಳಿತುಬಿಡಿ, ಎಷ್ಟನೇ ನಿಮಿಷವೆಂದು ಬರೆಯಿರಿ. ಅದೂ ಉಪಯುಕ್ತ ಮಾಹಿತಿಯೇ.

ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಭಂಗಿಜನ್ಯ ರಕ್ತದೊತ್ತಡ ಕುಸಿತ. ಅಷ್ಟು ಇಳಿದರೂ ನಾಡಿ ಹೆಚ್ಚೇನೂ ಏರದಿದ್ದರೆ ದೋಷ ನರಗಳಲ್ಲಿರಬಹುದೆಂಬ ಅನುಮಾನ ಬಲವಾಗುತ್ತದೆ, ನಾಡಿ ಏರದಂತೆ ತಡೆಯುವ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುವವರಲ್ಲಿ ಮಾತ್ರ ಈ ಸುಳಿವನ್ನು ನಂಬಲಾಗದು. ಒತ್ತಡ ಇಳಿಯದೆ, 10 ನಿಮಿಷದೊಳಗೆ ನಾಡಿಯು ನಿಮಿಷಕ್ಕೆ 30ರಷ್ಟು (12ರಿಂದ 19 ವರ್ಷದವರಲ್ಲಿ 40ರಷ್ಟು) ಏರಿ ಹಾಗೆಯೇ ಉಳಿದರೆ ವೈದ್ಯರು ಪಾಟ್ಸ್ (POTS, ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಬಗ್ಗೆ ಯೋಚಿಸುತ್ತಾರೆ. ಒಂದು ದಿನದ ಅಳತೆಯಿಂದ ಏನನ್ನೂ ತೀರ್ಮಾನಿಸಬೇಡಿ.

ಬೆವರು ಕಡಿಮೆಯಾಗುವುದು, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಇವನ್ನೂ ಅದೇ ಹಾಳೆಯಲ್ಲಿ ಸೇರಿಸಿ. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ಗಳೂ ಒತ್ತಡವನ್ನು ಇಳಿಸಬಲ್ಲವಾದ್ದರಿಂದ ಔಷಧಗಳ ಪಟ್ಟಿಯೂ ಬೇಕು. ಆದರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಉಪ್ಪು ಹೆಚ್ಚಿಸುವ ಸಲಹೆ ಎಲ್ಲರಿಗೂ ಹೊಂದದು: ಲೂಪಸ್ ಮೂತ್ರಪಿಂಡಕ್ಕೆ ತಗುಲಿದವರಿಗೆ ಅದು ಹಾನಿ ಮಾಡಬಹುದು. ಕೆಲವೇ ದಿನಗಳಲ್ಲಿ ಕಾಲುಗಳ ಬಲ ಕುಂದುತ್ತಾ ಬಂದರೆ ಅಥವಾ ಉಸಿರಾಟ ಕಷ್ಟವಾದರೆ, ಅಳೆಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.