ಮುಚ್ಚಿದ ಯುರೇನಿಯಂ ತ್ಯಾಜ್ಯದ ದಿಬ್ಬ: ವರ್ಷವರ್ಷದ ತಪಾಸಣೆ ಹೇಗೆ?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಅದಿರು ಇರುವುದು ಜಿಲ್ಲೆಯ ಜನರಿಗೆ ತಿಳಿದ ಸಂಗತಿ. ಅದಿರನ್ನು ಅರೆದು ಯುರೇನಿಯಂ ತೆಗೆದ ಮೇಲೆ ಉಳಿಯುವ ನುಣ್ಣನೆಯ ತ್ಯಾಜ್ಯದಲ್ಲಿ ಮೂಲ ವಿಕಿರಣಶೀಲತೆಯ ಸುಮಾರು ಶೇ 85ರಷ್ಟು ಹಾಗೆಯೇ ಇರುತ್ತದೆ. ಅದರಲ್ಲಿನ ರೇಡಿಯಂ-226 ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಆದ್ದರಿಂದ ಗಣಿಯ ಮಾತು ಬಂದಾಗಲೆಲ್ಲ, ತ್ಯಾಜ್ಯವನ್ನು ಮುಚ್ಚಿದ ದಿಬ್ಬವನ್ನು ಮುಂದೆ ಯಾರು, ಹೇಗೆ ಕಾಯುತ್ತಾರೆ ಎಂಬ ಪ್ರಶ್ನೆಯನ್ನು ನಾವು ಮೊದಲೇ ಕೇಳಬೇಕು. ಅಮೆರಿಕದಲ್ಲಿ 1978ರ ಕಾನೂನಿನಡಿ ಇಂತಹ ದಿಬ್ಬಗಳನ್ನು ಸಾಧ್ಯವಾದಷ್ಟು ಮಟ್ಟಿಗೆ 1,000 ವರ್ಷ, ಕನಿಷ್ಠ 200 ವರ್ಷ ಬಾಳುವಂತೆ ಕಟ್ಟುತ್ತಾರೆ. ಆದರೂ ಪ್ರತಿ ವರ್ಷ ತಪಾಸಣೆ ನಡೆಯುತ್ತದೆ. ಆ ಕ್ರಮವನ್ನು ನಮ್ಮ ಮಣ್ಣು, ಮಳೆ, ಬಿಸಿಲಿಗೆ ಹೊಂದಿಸಿಕೊಂಡರೆ ಕೆಲಸ ಹೀಗೆ ಸಾಗಬೇಕು.

ಮೊದಲು ಹಳೆಯ ವರದಿ, ನಕ್ಷೆ ಮತ್ತು ಫೋಟೊಗಳನ್ನು ಓದಿಕೊಂಡು ಹೊರಡಬೇಕು. ಹೋದ ವರ್ಷ ನಿಂತ ಜಾಗದಲ್ಲಿಯೇ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆದರೆ ಮಾತ್ರ ಬದಲಾವಣೆ ಕಣ್ಣಿಗೆ ಬೀಳುತ್ತದೆ. ನಮ್ಮ ಭಾಗದಲ್ಲಿ ವರ್ಷಕ್ಕೆ ಒಂದು ಭೇಟಿ ಸಾಲದು ಎಂಬುದು ನನ್ನ ಅಭಿಪ್ರಾಯ: ಮಳೆಯ ಹಾನಿ ನೋಡಲು ಮುಂಗಾರು ಮುಗಿದ ಮೇಲೊಮ್ಮೆ, ಬಿರುಕು ನೋಡಲು ಏಪ್ರಿಲ್ ಬಿಸಿಲಿನಲ್ಲೊಮ್ಮೆ ಹೋಗಬೇಕು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊದಿಕೆ. ರೇಡಿಯಂನಿಂದ ಹುಟ್ಟುವ ರೇಡಾನ್ ಎಂಬ ವಿಕಿರಣಶೀಲ ಅನಿಲ 3.8 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ದಮ್ಮಸು ಮಾಡಿದ ತೇವದ ಜೇಡಿಮಣ್ಣು ಅದನ್ನು ಒಂದೆರಡು ವಾರ ಒಳಗೇ ತಡೆದರೆ ಅದರ ಬಹುಪಾಲು ಅಲ್ಲಿಯೇ ಕ್ಷಯಿಸಿಹೋಗುತ್ತದೆ. ಜೇಡಿಪದರ ಒಣಗಿ ಬಿರಿದರೆ ಅನಿಲಕ್ಕೆ ಮೇಲಕ್ಕೂ ಮಳೆನೀರಿಗೆ ಕೆಳಕ್ಕೂ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಡುವ ನಮ್ಮ ಎರೆಮಣ್ಣನ್ನು ಹತ್ತಿರ ಸಿಗುತ್ತದೆಂದು ಮೇಲ್ಪದರಕ್ಕೆ ಬಳಸಿದ್ದರೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಮೇಲ್ಮೈಯನ್ನು ಸಾಲುಸಾಲಾಗಿ ನಡೆದು ನೋಡಬೇಕು. ಬಿರುಕಿನ ಅಗಲ, ಆಳ, ಉದ್ದವನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ನೀರು ನಿಲ್ಲುವ ತಗ್ಗು ಕಂಡರೆ ಒಳಗಿನ ತ್ಯಾಜ್ಯ ಕುಸಿಯುತ್ತಿರಬಹುದೆಂದು ತಿಳಿದು ಮಟ್ಟ ಅಳೆಸಬೇಕು. ಬಿರುಕಿಗೆ ಸಿಕ್ಕ ಮಣ್ಣು ಸುರಿದು ಮುಚ್ಚುವುದು ದುರಸ್ತಿಯಲ್ಲ. ಸಡಿಲ ಮಣ್ಣು ತೆಗೆದು, ಮೂಲ ವಿನ್ಯಾಸ ಹೇಳಿದ ಮಣ್ಣನ್ನು ತಕ್ಕ ತೇವದಲ್ಲಿ ಪದರಪದರವಾಗಿ ದಮ್ಮಸು ಮಾಡಬೇಕು.

ಇಳಿಜಾರುಗಳಲ್ಲಿ ಕೊರಕಲು ಬಿದ್ದಿದೆಯೇ, ಚರಂಡಿಯಲ್ಲಿ ಹೂಳು ತುಂಬಿದೆಯೇ ಎಂದು ನೋಡಬೇಕು. ಹೊದಿಸಿದ ಕಲ್ಲು ಒಡೆದು ಚೂರಾಗುತ್ತಿದ್ದರೆ ಅದನ್ನು ಬದಲಿಸಬೇಕು. ಪದರಪದರವಾಗಿ ಎದ್ದು ಬರುವ ಶಹಾಬಾದ್ ಕಲ್ಲು ನೆಲಹಾಸಿಗೆ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಗಟ್ಟಿ ಕರಿಕಲ್ಲೇ ಮೇಲು. ಬಳ್ಳಾರಿ ಜಾಲಿಯ ಸಸಿಯನ್ನು ಬೇರು ಆಳಕ್ಕೆ ಇಳಿಯುವ ಮೊದಲೇ ಕೀಳಬೇಕು. ಹೆಗ್ಗಣದ ಬಿಲಗಳನ್ನೂ ಬಿಡದೆ ಗುರುತು ಮಾಡಬೇಕು.

ಮುಂದಿನದು ಅಂತರ್ಜಲ. ದಿಬ್ಬಕ್ಕೆ ನೀರು ಹರಿದು ಬರುವ ಕಡೆ ಒಂದು, ಹರಿದು ಹೋಗುವ ಕಡೆ ಹಲವು ಕೊಳವೆಬಾವಿಗಳು ಪರೀಕ್ಷೆಗೆಂದೇ ಇರಬೇಕು. ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಿದ ಮೇಲೆಯೇ ಮಾದರಿ ಹಿಡಿಯಬೇಕು. ಕುಡಿಯುವ ನೀರಿನಲ್ಲಿ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಆದರೆ ಆ ಮಿತಿ ದಾಟುವವರೆಗೆ ಕಾಯಬಾರದು; ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದೇ ಎಚ್ಚರಿಕೆ. ಗಣಿ ಆರಂಭಕ್ಕೆ ಮುನ್ನವೇ ಊರಿನ ಬಾವಿಗಳ ನೀರನ್ನು ಪರೀಕ್ಷಿಸಿ ದಾಖಲಿಸಿರದಿದ್ದರೆ ನೆಲದ ಸಹಜ ಯುರೇನಿಯಂ ಯಾವುದು, ದಿಬ್ಬದಿಂದ ಸೋರಿದ್ದು ಯಾವುದು ಎಂದು ಬೇರ್ಪಡಿಸುವುದು ಬಹಳ ಕಷ್ಟ.

ಕೊನೆಗೆ ಬೇಲಿ, ಎಚ್ಚರಿಕೆ ಫಲಕ, ಗಡಿಕಲ್ಲು. ಅಮೆರಿಕದ ಗ್ರ್ಯಾಂಡ್ ಜಂಕ್ಷನ್ ಪಟ್ಟಣದಲ್ಲಿ ಇಂತಹ ತ್ಯಾಜ್ಯವನ್ನು ಮರಳೆಂದು ಒಯ್ದು ಸಾವಿರಾರು ಕಡೆ ಕಟ್ಟಡ ಕೆಲಸಗಳಿಗೆ ಬಳಸಿದ್ದರು. ದಿಬ್ಬದ ಜಾಗದಲ್ಲಿ ಯಾರೂ ಮುರುಮ ಅಗೆಯಬಾರದು, ಬಾವಿ ತೋಡಬಾರದು ಎಂಬ ನಿರ್ಬಂಧವನ್ನು ಫಲಕದ ಜೊತೆಗೆ ಜಮೀನಿನ ಪಹಣಿಯಲ್ಲೂ ನಮೂದಿಸಬೇಕು. ತಪಾಸಣೆಯ ವರದಿಯನ್ನು ಕನ್ನಡದಲ್ಲಿ ಬರೆದು, ಯಾವ ದುರಸ್ತಿಯನ್ನು ಯಾವ ದಿನದೊಳಗೆ ಯಾರು ಮಾಡಬೇಕು ಎಂಬುದನ್ನು ಸೇರಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು.