ಯೆರಿಕೋ ಗೋಡೆ ಅಂತ ನಾನು ತೋರಿಸಿದ್ದು ಯಾವ ಗೋಡೆ?

ಯೆರಿಕೋಗೆ ನಾನು ಹೋಗಿದ್ದು ಪವಿತ್ರ ನಾಡಿನ ಟೂರ್‌ನಲ್ಲಿ. ಆ ಊರಿಗೆ ಸಿಕ್ಕಿದ್ದು ಒಂದು ಗಂಟೆ. ಅದರಲ್ಲಿ ಅರ್ಧ ಖರ್ಜೂರದ ಅಂಗಡಿಗೇ ಹೋಯಿತು. ಉಳಿದ ಹೊತ್ತಿನಲ್ಲಿ ತೆಲ್ ಎಸ್-ಸುಲ್ತಾನ್ ಅನ್ನುವ ದಿಬ್ಬ ಹತ್ತಿದೆವು. ಅಲ್ಲಿ ಆಳವಾಗಿ ಅಗೆದ ಒಂದು ಕಂದಕ, ತಳದಲ್ಲಿ ಕಲ್ಲಿನ ದುಂಡನೆ ಗೋಪುರ. ಜೊತೆಗಿದ್ದವರು ಯಾರೋ "ಇದೇ ನೋಡಿ ಯೆರಿಕೋ ಗೋಡೆ" ಅಂದರು. ನಾನು ಫೋಟೋ ಹೊಡೆದುಕೊಂಡೆ.

ಊರಿಗೆ ಬಂದ ಮೇಲೆ ನಮ್ಮ ಸಭೆಯ ಯುವಜನರ ಕ್ಲಾಸಿನಲ್ಲಿ ಸತ್ಯವೇದದ ಯೆಹೋಶುವನ ಪುಸ್ತಕದ 6ನೇ ಅಧ್ಯಾಯ ಬಂತು. ಇಸ್ರಾಯೇಲರ ನಾಯಕ ಯೆಹೋಶುವ ಏಳು ದಿನ ಮುತ್ತಿದ ಮೇಲೆ ಯೆರಿಕೋ ಗೋಡೆ ಬಿದ್ದ ಕಥೆ ಅದು. ಫೋಟೋವನ್ನು ಗೋಡೆ ತುಂಬ ದೊಡ್ಡದಾಗಿ ಬಿಟ್ಟು, "ಮಣ್ಣೇ ಸಾಕ್ಷಿ ಹೇಳ್ತಿದೆ ನೋಡಿ" ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಗೋಡೆ ಬಿದ್ದುಹೋಯ್ತು ಅಂತ ಬರೆದಿದೆ. ಇದು ನಿಂತಿದೆಯಲ್ಲ?"

ಎಲ್ಲರೂ ನಕ್ಕರು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು ಬೇರೆ! ಆ ರಾತ್ರಿ ಕೂತು ಓದಿದಾಗ ಗೊತ್ತಾಯಿತು, ಆ ಗೋಪುರ ಸುಮಾರು ಹತ್ತು ಸಾವಿರ ವರ್ಷ ಹಳೆಯದು. ಎಂಟೂವರೆ ಮೀಟರ್ ಎತ್ತರ, ಒಳಗೆ 22 ಮೆಟ್ಟಿಲು. ಕಟ್ಟಿದವರಿಗೆ ಮಡಕೆ ಮಾಡುವುದೂ ಗೊತ್ತಿರಲಿಲ್ಲ. ಯೆಹೋಶುವನ ಕಾಲವನ್ನು ಹೇಗೆ ಲೆಕ್ಕ ಹಾಕಿದರೂ ಕ್ರಿ.ಪೂ. 1400 ಅಥವಾ 1200ರ ಆಸುಪಾಸು. ಅಂದರೆ ಆರೂವರೆ ಸಾವಿರ ವರ್ಷಕ್ಕೂ ಜಾಸ್ತಿ ಹಳೆಯ ಗೋಪುರವನ್ನು ತೋರಿಸಿ ಸಾಕ್ಷಿ ಅಂದಿದ್ದೆ.

ಮುಂದಿನ ಭಾನುವಾರ ಕ್ಲಾಸನ್ನು ಮತ್ತೆ ಮೊದಲಿಂದ ಮಾಡಬೇಕಿತ್ತು. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ 'ಮಣ್ಣಿಂದ ಬಂದದ್ದು'. ಬಲಕ್ಕೆ 'ಅದರ ಬಗ್ಗೆ ಹೇಳಿದ್ದು', ಹೇಳಿದವರ ಹೆಸರು ಮತ್ತು ವರ್ಷದ ಜೊತೆ. ಇಷ್ಟೇ ನನ್ನ ವಿಧಾನ. ಆದರೆ ಬರೆಯುತ್ತಾ ಹೋದಂತೆ ಎಡಗಡೆ ಎಷ್ಟು ಖಾಲಿ, ಬಲಗಡೆ ಎಷ್ಟು ಭರ್ತಿ ಅಂತ ಕಣ್ಣಿಗೆ ಹೊಡೆಯಿತು.

ಪುರಾತತ್ವಜ್ಞ ಜಾನ್ ಗಾರ್ಸ್ಟ್ಯಾಂಗ್ 1930ರಿಂದ 1936ರವರೆಗೆ ಅಲ್ಲಿ ಅಗೆದರು. ಬಿದ್ದ ಇಟ್ಟಿಗೆ ಗೋಡೆಗಳು ಸಿಕ್ಕವು. ಯೆಹೋಶುವನ ಕಾಲದ್ದೇ ಅಂದರು. ಆಗಿನ ಖುಷಿ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆಮೇಲೆ 1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅಗೆದರು. ಆ ಗೋಡೆಗಳು ಯೆಹೋಶುವನಿಗಿಂತ ಸಾವಿರ ವರ್ಷದಷ್ಟು ಹಳೆಯವು ಅಂದರು. ಅದರ ನಂತರದ ದೊಡ್ಡ ಊರು ಸುಟ್ಟುಹೋದದ್ದು ಕ್ರಿ.ಪೂ. 1550ರ ಸುಮಾರಿಗೆ. ಯೆಹೋಶುವ ಬರುವ ಹೊತ್ತಿಗೆ ಅಲ್ಲಿ ಕೋಟೆ ಇದ್ದ ಊರೇ ಕಾಣುವುದಿಲ್ಲ, ಇದ್ದರೆ ಸಣ್ಣ ಹಳ್ಳಿ ಅಷ್ಟೇ. ಇದು ಅವರ ಮಾತು.

ಗೋಡೆ ಅದೇ, ದಿಬ್ಬ ಅದೇ. ಇಬ್ಬರ ನಡುವೆ ಸಾವಿರ ವರ್ಷದ ವ್ಯತ್ಯಾಸ ಹೇಗೆ ಬಂತು? ಇದನ್ನು ಹುಡುಗರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಆ ವಾರವೇ ನಮ್ಮ ಹಿತ್ತಲಲ್ಲಿ ಇಂಗುಗುಂಡಿ ತೋಡಿಸುತ್ತಿದ್ದೆವು. ಆರು ಅಡಿ ಆದಾಗ ಇಳಿದು ನೋಡಿದೆ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರಲ್ಲಿ ಹಾಲಿನ ಪ್ಯಾಕೆಟ್. ಕೆಳಗೆ ಹೆಂಚಿನ ಚೂರು. ಅದರ ಕೆಳಗೆ ಬೂದಿಯ ತೆಳು ಗೆರೆ. ಒಂದು ಕಡೆ ಮಾತ್ರ ಗೆರೆ ಮುರಿದು, ಹಾಲಿನ ಪ್ಯಾಕೆಟ್ ಮೂರಡಿ ಕೆಳಗಿದೆ. ಅಲ್ಲಿ ಹಿಂದೆ ಯಾವಾಗಲೋ ತೆಂಗಿನ ಸಸಿಗೆ ಗುಂಡಿ ತೆಗೆದು ಮುಚ್ಚಿದ್ದರು! ಅದು ಗೊತ್ತಿಲ್ಲದಿದ್ದರೆ ಹೆಂಚಿನ ಕಾಲದಲ್ಲೇ ಹಾಲಿನ ಪ್ಯಾಕೆಟ್ ಇತ್ತು ಅಂತ ಬರೆದುಬಿಡುತ್ತಿದ್ದೆ. ಎಲ್ಲ ಹುಡುಗರನ್ನೂ ಮನೆಗೆ ಕರೆದು ಆ ಗುಂಡಿ ತೋರಿಸಿದೆ. ಕ್ಲಾಸು ಅಲ್ಲೇ ಆಯಿತು.

ಕೆನ್ಯನ್ ಮಾಡಿದ್ದು ಇದೇ ಕೆಲಸ. ಚೌಕ ಚೌಕವಾಗಿ ಅಗೆದು, ನಡುವೆ ಮಣ್ಣಿನ ಗೋಡೆ ಬಿಟ್ಟು, ಅದರ ಮೈಮೇಲಿನ ಪದರ ಓದುವುದು. ಅವರು ಇದನ್ನು ಕಲಿತದ್ದು ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಹತ್ತಿರ. ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದವರು. ಅಶೋಕನ ಶಾಸನ ನೋಡಲು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಯೆರಿಕೋದ ಜಗಳಕ್ಕೂ ಆ ಗುಡ್ಡಕ್ಕೂ ಇಷ್ಟು ಹತ್ತಿರದ ನಂಟು ಅಂತ ಗೊತ್ತೇ ಇರಲಿಲ್ಲ.

ಕೆನ್ಯನ್ ಮಾತಿಗೆ ಎಲ್ಲರೂ ಒಪ್ಪಲಿಲ್ಲ. 1990ರಲ್ಲಿ ಬ್ರಯಾಂಟ್ ವುಡ್ ಅನ್ನುವ ಪುರಾತತ್ವಜ್ಞರು ಎದುರು ವಾದ ಇಟ್ಟರು, ಊರು ಸುಟ್ಟದ್ದು ಕ್ರಿ.ಪೂ. 1400ರ ಸುಮಾರಿಗೇ ಅಂತ. 1550ರ ಆಮೇಲಿನ ಕಾಲದ ಸೈಪ್ರಸ್‌ನ ಬಣ್ಣದ ಮಡಕೆ ಸಿಗಲಿಲ್ಲ ಅಂತ ಕೆನ್ಯನ್ ಕಾಲ ನಿರ್ಧರಿಸಿದ್ದು ಸರಿಯಲ್ಲ, ಬಡವರ ಕೇರಿಯಲ್ಲಿ ಹೊರನಾಡಿನ ಮಡಕೆ ಯಾಕೆ ಸಿಗುತ್ತದೆ, ಸ್ಥಳೀಯ ಮಡಕೆ ನೋಡಿ ಅಂದರು. ವಾದದಲ್ಲಿ ಹುರುಳಿದೆ ಅನ್ನಿಸಿತು. ಇನ್ನೊಂದು ಅಂಶ ಅವರು ಎತ್ತಿದ್ದು ಕಾಳಿನದು. ಸುಟ್ಟ ಊರಿನಲ್ಲಿ ಗುಡಾಣದ ತುಂಬ ಕಾಳು ಸಿಕ್ಕಿದೆ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರೆ ಕಾಳು ಉಳಿಯುತ್ತಿತ್ತಾ? ಗೆದ್ದವರು ಬಿಟ್ಟು ಹೋಗುತ್ತಿದ್ದರಾ? ಸುಗ್ಗಿ ಕಾಲ, ಏಳೇ ದಿನದ ಮುತ್ತಿಗೆ, ಲೂಟಿ ಮಾಡಬಾರದೆಂಬ ಆಜ್ಞೆ. ಎಲ್ಲವೂ ಯೆಹೋಶುವನ ಪುಸ್ತಕಕ್ಕೆ ಹೊಂದುತ್ತದೆ ಅಂದರು.

ಇದನ್ನು ಓದಿ ಒಂದು ರಾತ್ರಿ ಪೂರ್ತಿ ಖುಷಿಯಾಗಿದ್ದೆ. ಸುಳ್ಳು ಯಾಕೆ ಹೇಳಲಿ?

ಆದರೆ 1995ರಲ್ಲಿ ಅದೇ ಊರಿನ ಸುಟ್ಟ ಕಾಳಿಗೇ, ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆಯ ಫಲಿತಾಂಶ ಬಂತು. ಕಾಳಿಗೆ ಯಾಕೆ ಅಂದರೆ, ತೊಲೆಯ ಮರ ನೂರು ವರ್ಷ ಹಳೆಯದಿರಬಹುದು, ಕಾಳು ಮಾತ್ರ ಆಗಷ್ಟೇ ಬೆಳೆದ ಪೈರಿನದು. ಬಂದ ಉತ್ತರ ಕ್ರಿ.ಪೂ. 16ನೇ ಶತಮಾನ. ಕೆನ್ಯನ್ ಹೇಳಿದ ಹತ್ತಿರಕ್ಕೇ ಬಂತು. ವುಡ್ ನೆಚ್ಚಿಕೊಂಡಿದ್ದ ಒಂದು ಇದ್ದಿಲಿನ ಪರೀಕ್ಷೆ ಕ್ರಿ.ಪೂ. 1410 ಅಂತ ಹೇಳಿತ್ತು. ಅಳತೆಯಲ್ಲಿ ದೋಷ ಇತ್ತು ಅಂತ ಅದನ್ನು ಮಾಡಿದ ಲ್ಯಾಬೇ ಆಮೇಲೆ ತಿದ್ದಿತು. ನನ್ನ ಪುಸ್ತಕದ ಎಡಗಡೆ ಉಳಿದದ್ದು ಒಂದೇ ಸಾಲು: 'ಗುಡಾಣ ತುಂಬ ಸುಟ್ಟ ಕಾಳು'. ಬಲಗಡೆ ಎರಡು ಪುಟ.

ಇಷ್ಟು ಹೇಳಿದ ದಿನ ಸಭೆಯ ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. "ಏನ್ ಮೇಷ್ಟ್ರೇ, ಹಾಗಾದ್ರೆ ಸತ್ಯವೇದ ಸುಳ್ಳಾ?" ಅದಕ್ಕೆ ಮುಂದಿನ ವಾರ ಯೆಹೂದದ ಅರಸ ಹಿಜ್ಕೀಯನನ್ನು ತಗೊಂಡೆ, ಅವರನ್ನೂ ಕೂರಿಸಿಕೊಂಡೆ. ಅಶ್ಶೂರದ ಅರಸ ಸನ್ಹೇರೀಬ ಕ್ರಿ.ಪೂ. 701ರಲ್ಲಿ ಯೆಹೂದಕ್ಕೆ ನುಗ್ಗಿದ್ದನ್ನು ತಾನೇ ಮಣ್ಣಿನ ಆರು ಮುಖದ ಕಂಬದ ಮೇಲೆ ಬರೆಸಿದ್ದಾನೆ. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದೆ, ಒಂದು ಮೊಳಕ್ಕಿಂತ ಸ್ವಲ್ಪ ಗಿಡ್ಡ. ನಲವತ್ತಾರು ಊರು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ, 30 ತಲಾಂತು (ಆಗಿನ ತೂಕದ ಅಳತೆ) ಬಂಗಾರ, 800 ತಲಾಂತು ಬೆಳ್ಳಿ ವಸೂಲಿ ಮಾಡಿದೆ ಅಂತ ಅದರಲ್ಲಿದೆ. ಸತ್ಯವೇದದಲ್ಲಿ ಎರಡನೆಯ ಅರಸುಗಳು 18:14 ತೆಗೆಸಿ ಹಿರಿಯರ ಕೈಲೇ ಓದಿಸಿದೆ. ಬೆಳ್ಳಿ 300, ಬಂಗಾರ 30.

ಬಂಗಾರ ತಾಳೆ ಆಯಿತು, ಬೆಳ್ಳಿ ಆಗಲಿಲ್ಲ. ಶತ್ರುವಿನ ದಫ್ತರದಲ್ಲಿ ಇಷ್ಟು ಹೊಂದುವುದು ಸಣ್ಣ ಮಾತಲ್ಲ, ಅಲ್ವಾ? ಯೆರೂಸಲೇಮನ್ನು ಹಿಡಿದೆ ಅಂತ ಮಾತ್ರ ಸನ್ಹೇರೀಬ ಎಲ್ಲೂ ಹೇಳುವುದಿಲ್ಲ. ಯೆಹೂದದ ಲಾಕೀಷ್ ಊರನ್ನು ಹಿಡಿದದ್ದನ್ನು ನಿನೆವೆಯ ತನ್ನ ಅರಮನೆ ಗೋಡೆ ತುಂಬ ಕೆತ್ತಿಸಿದವನು, ರಾಜಧಾನಿಯ ಬಗ್ಗೆ ಬಾಯಿ ಬಿಡಲಿಲ್ಲ.

ಹಿರಿಯರ ಮುಖ ಅರಳಿತು. ಅಷ್ಟರಲ್ಲಿ ಅದೇ ಹುಡುಗಿ ಮತ್ತೆ ಕೈ ಎತ್ತಿದಳು. "ಸರ್, ಒಂದೇ ರಾತ್ರಿ ದೇವದೂತ ಅಶ್ಶೂರದ ಸೈನ್ಯದಲ್ಲಿ 1,85,000 ಜನರನ್ನು ಹೊಡೆದ ಅಂತಿದೆಯಲ್ಲ, ಅದು ಯಾವ ಕಡೆ ಬರೀಬೇಕು?"

ಹಿರಿಯರು ನನ್ನನ್ನು ನೋಡಿದರು. ಬಲಗಡೆ ಬರಿ ಅಂದೆ. ಬರೆದಳು. ಹೇಳಿದವರು ಯಾರು ಅನ್ನುವ ಜಾಗದಲ್ಲಿ 'ಎರಡನೆಯ ಅರಸುಗಳು 19:35' ಅಂತ ತುಂಬಿದಳು. ಎಡಗಡೆ ಖಾಲಿ ಬಿಟ್ಟಳು.